ಹಗ್ಗ ತಿಂದ ನಾಲ್ಕಕ್ಷರ

ಯಲಬುರ್ಗಿ ದಾಟಿ ಎಡಕ್ಕೆ ಹೊರಳಿದರೆ
ಗೊರವನಾಳದ ಎರೆಹೊಲ, ಆಮೇಲೆ ಬರೀ ಬಳ್ಳಾರಿ ಜಾಲಿ,
ಜಾಲಿಯ ನಡುವೆ ಮಂಡಿಯೂರಿದ ಎತ್ತಿನಂತೆ
ಒಂದು ಗುಡಿ.
ಯಾವ ದೇವರೆಂದು ಕೇಳಿದರೆ
ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು.
ಚಹದಂಗಡಿಯವನಿಗೆ ಮಾತ್ರ ಸಂಶಯವಿರಲಿಲ್ಲ:
"ಆಡಿನ ಗುಡಿ ಅನ್ರಿ, ಸಣ್ ಹುಡುಗ್ರೂ ತೋರಸ್ತಾವು."

ಶಿಖರವಿಲ್ಲ. ಅದಿದ್ದ ಜಾಗದಲ್ಲಿ
ಬಸರಿಗಿಡವೊಂದು ಬೇರು ಇಳಿಬಿಟ್ಟು
ಕಲ್ಲುಗಳನ್ನು ಅಪ್ಪಿದೆಯೋ ಸೀಳುತ್ತಿದೆಯೋ
ಹೇಳುವುದು ಕಷ್ಟ.
ಗರ್ಭಗುಡಿಯೊಳಗೆ ಪಾಣಿಪೀಠ ಮಗುಚಿದೆ,
ಅದರಡಿ ಆಳುದ್ದ ಗುಂಡಿ.
ನಿಧಿ ತೋಡಿದವರಿಗೆ ಸಿಕ್ಕಿದ್ದು ಇನ್ನಷ್ಟು ಮಣ್ಣು;
ಬಿಟ್ಟುಹೋದದ್ದು ಒಂದು ಹವಾಯಿ ಚಪ್ಪಲಿ,
ಎಡಗಾಲಿನದು.

ನಾನು ಬಂದದ್ದು ಕಲ್ಲಿಗಾಗಿ.
ನವರಂಗದ ಮುಂದೆ ಎದೆಮಟ್ಟ ನಿಂತ ಶಾಸನ,
ನೆತ್ತಿಯಲ್ಲಿ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಆಕಳು.
(ಕರುವಿನ ತಲೆಯ ಮೇಲೆ ಯಾರೋ ಕುಡಗೋಲು ಮಸೆದಿದ್ದಾರೆ.)
ಕಲ್ಲಿಗೆ ಮೂರು ಆಡು, ಒಂದು ಹೋತ.
"ತಡೀರಿ, ಬಿಚ್ತೀನಿ" ಎಂದು ಬಂದಳು
ಪಿಂಜಾರರ ಹೊನ್ನೂರಬಿ,
ಒಂದೊಂದನ್ನೂ ಹೆಸರು ಹಿಡಿದು ಬೈದು ಹೊರಗಟ್ಟಿದಳು.
ಒಳಗೆ, ಕಂಬದ ಬೋದಿಗೆಗೆ
ಅವಳತ್ತೆ ಹತ್ತಿ ಎಕ್ಕುತ್ತಿದ್ದ ಬಿಲ್ಲು ತೂಗುಬಿದ್ದಿದೆ,
ತಂತಿ ಇಲ್ಲ.

ನೀರೆರಚಿ ತೊಳೆದೆ. ಒದ್ದೆ ಕಾಗದ ಹಾಸಿ
ಬ್ರಷ್ಷಿನಿಂದ ತಟ್ಟುತ್ತ ಹೋದೆ,
ನಿದ್ದೆ ಹತ್ತದ ಕೂಸಿಗೆ ತಟ್ಟಿದ ಹಾಗೆ.
ಮಸಿಯುಂಡೆ ಒತ್ತಿದಂತೆ
ಕಲ್ಲು ಕಪ್ಪಗೆ ಬಂತು, ಮಾತು ಬೆಳ್ಳಗೆ ಉಳಿಯಿತು.
ಸ್ವಸ್ತಿ ಎಂದಿತು. ಅರಸನ ಬಿರುದುಗಳಿಗೆ ಆರು ಸಾಲು.
ಏಳನೆಯದರಲ್ಲಿ ಎಣ್ಣೆ:
ದೇವರ ನಂದಾದೀವಿಗೆಗೆ ದಿನಕ್ಕೊಂದು ಸೊಲ್ಲಗೆ
ಗಾಣದ
ಅಲ್ಲಿಂದ ಬೆರಳಗಲದ ಒಂದು ಹಳ್ಳ, ನುಣುಪಾಗಿ,
ನಾಲ್ಕಕ್ಷರದಷ್ಟು ಉದ್ದ.
ಆಚೆ ದಡದಲ್ಲಿ ಒಂದೇ ಪದ: ಬಿಟ್ಟಳ್.

ಹೆಂಗಸು, ಅಂದೆ. ಕ್ರಿಯಾಪದದ ಬಾಲ ಹಿಡಿದು
ಒಬ್ಬ ಹೆಂಗಸನ್ನು ಸಾವಿರ ವರ್ಷದಿಂದ ಎಳೆದು ತಂದಂತಾಯಿತು.
"ದಿನಾ ಒಂದ್ ಸೊಲಗಿ ಎಣ್ಣಿ?
ಆಕಿ ಗಂಡ ಸುಮ್ನ ಇದ್ನೇನ್ರೀ?
ಯಾರಂತ ಆಕಿ?"
ನಿಮ್ಮ ಹಗ್ಗ ತಿಂದಿದೆ, ಅಂದೆ.

ಅವಳು ಹಗ್ಗ ಎತ್ತಿ ಬಿಸಿಲಿಗೆ ಹಿಡಿದಳು,
ಪುಂಡಿನಾರಿನ ಹುರಿಯೊಳಗೆ ಹೆಸರೇನಾದರೂ ಸಿಕ್ಕಿಕೊಂಡಿದೆಯೇ ಎಂಬಂತೆ.
"ನಮ್ಮತ್ತಿ ಕಟ್ಟಿದ್ಲು. ಅವರತ್ತೀನೂ ಇಲ್ಲೇ ಕಟ್ಟಿದ್ಲು."
ಆಮೇಲೆ, ತುಸು ಹೊತ್ತು ಬಿಟ್ಟು,
"ನಾಕ್ ಅಕ್ಷರ ಅಂದ್ರಲ್ಲ, ನಂದೂ ನಾಕ.
ಎರಡ್ ವರ್ಸ ಸಾಲಿಗಿ ಹೋಗೀನಿ, ಎಣಸಾಕ ಬರ್ತೈತಿ.
ಹೊ. ನ್ನೂ. ರ. ಬಿ.
ಬರ್ಕೊಳ್ರಿ ಮತ್ತ!"
ನಕ್ಕಳು. ಹೋತ ತಿರುಗಿ ನೋಡಿತು.

ನಗು ನಿಂತ ಮೇಲೆ ಕೇಳಿದಳು:
"ನೀವು ಬರ್ಕೊಂಡು ಹೋದ ಮ್ಯಾಲ ನೀಲಿ ಬೋರ್ಡ್ ಬರ್ತೈತೇನ್ರಿ?
ತಂತಿ ಬೇಲಿ?
ಇವನ್ನ ಎಲ್ಲಿ ಕಟ್ಲಿ?"
ಗೊತ್ತಿಲ್ಲ ಎಂದೆ. ಗೊತ್ತಿತ್ತು.
"ತಳದಾಗಿನ ಸಾಲೇನು?"
ಇದನ್ನು ಕಾಯ್ದವರಿಗೆ ಪುಣ್ಯ, ಅಂದೆ.
ಅಳಿದವರಿಗೇನು ಎಂಬುದೂ ಅಲ್ಲೇ ಇತ್ತು:
ವಾರಣಾಸಿ, ಸಾವಿರ ಕವಿಲೆ, ಅವುಗಳನ್ನು ಕೊಂದ ಪಾಪ.
ಓದಲಿಲ್ಲ.

ಪಡಿಯಚ್ಚು ಸುರುಳಿ ಸುತ್ತಿದೆ.
ನೋಟುಬುಕ್ಕಿನಲ್ಲಿ ಗಾಣದ ಎಂದು ಬರೆದು
ನಾಲ್ಕು ಚುಕ್ಕಿ ಇಟ್ಟೆ.
ಕಾಗದ ದಾಟಿ ಕಲ್ಲಿನಂಚಿಗೂ ಮಸಿ ಹತ್ತಿತ್ತು.
"ಮರಿ ನೆಕ್ತಾವ್ರಿ" ಎಂದು ಮನೆಗೆ ಹೋಗಿ
ಅಂಗೈ ಬಟ್ಟಲಲ್ಲಿ ಕುಸುಬಿ ಎಣ್ಣೆ ತಂದಳು,
ಹನಿ ನೆಲಕ್ಕೆ ಬೀಳದಂತೆ ಸಣ್ಣ ಹೆಜ್ಜೆ ಇಡುತ್ತ.
ಸೆರಗಿನ ತುದಿ ಅದ್ದಿ, ಸಾಲು ಸಾಲು,
ಕೂಸಿನ ಕಾಡಿಗೆ ಒರೆಸುವಂತೆ ಒರೆಸಿದಳು.
ಒಂದು ಸೊಲ್ಲಗೆ ಖಂಡಿತ ಇರಲಿಲ್ಲ.
ಕಲ್ಲು ಹೊಳೆಯಿತು, ಸ್ವಲ್ಪ.

ಬೈಕಿನವರೆಗೆ ಬಂದು ತಿರುಗಿ ನೋಡಿದೆ.
ಆಡುಗಳನ್ನು ಮತ್ತೆ ಕಟ್ಟುತ್ತಿದ್ದಳು.
ಹೆಸರಿದ್ದ ಸಾಲು ಬಿಟ್ಟು, ಹಗ್ಗವನ್ನು ಜಾರಿಸಿ ಜಾರಿಸಿ
ಕೆಳಗೆ, ತೀರ ಕೆಳಗೆ,
ಶಾಪ ಇದ್ದಲ್ಲಿ
ಬಿಗಿಯಾಗಿ ಗಂಟು ಹಾಕಿದಳು.